ಭಾವನೆ ಕಾರ್ಡು: ‘ನಂದೂ ಅದೇ’ ಕಾಟಕ್ಕೆ ಕೊನೆಗೂ ಮದ್ದು ಸಿಕ್ಕಿತು

ಆಯಿತು, ಕೊನೆಗೂ ಆಯಿತು! ತರಗತಿಯಲ್ಲಿ ಒಂದು ಸನ್ನಿವೇಶ ಹೇಳಿ, ಅದರಲ್ಲಿರೋರಿಗೆ ಏನನಿಸುತ್ತೆ ಅಂತ ಮಕ್ಕಳು ಭಾವನೆಯ ಹೆಸರಿರುವ ಕಾರ್ಡು ಹಾಕಿ ಮಾತಾಡುವ ಆಟ ಇದು. ಮೊದಲ ಮಗು ಹೇಳಿದ್ದಕ್ಕೇ ಉಳಿದವರೆಲ್ಲ ‘ನಂದೂ ಅದೇ’ ಅನ್ನೋದೇ ಇಷ್ಟು ದಿನದ ಕಾಟ. ಈ ಸಲ ಹಾಗಾಗಲಿಲ್ಲ. ಒಂದೇ ಸನ್ನಿವೇಶ, ಆರು ಮಕ್ಕಳ ಗುಂಪು, ಐದು ಬೇರೆ ಬೇರೆ ಭಾವನೆಯ ಕಾರ್ಡು. ಆಮೇಲೆ ಯಾರೂ ಕೇಳದೆಯೇ ವಾದ ಶುರುವಾಯಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಕತ್ತರಿಸುವುದು, ಮೂಲೆ ದುಂಡಗೆ ಮಾಡುವುದು, ಗುಂಪು ಮಾಡಿ ಕೂರಿಸುವುದು, ಉತ್ತರ ಬೇಡ ಅನಿಸಿದರೆ ‘ಪಾಸ್’ ಹೇಳುವ ಹಕ್ಕು, ಇವೆಲ್ಲ ಶಿಕ್ಷಕರಾದ ನಿಮಗೆ ಗೊತ್ತಿರೋದೇ. ಕಾರ್ಡುಗಳ ಬಗ್ಗೆ ಎರಡೇ ಮಾತು. ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ಲುಚಿಕ್ 1980ರಲ್ಲಿ ಕೊಟ್ಟ ಭಾವನೆಗಳ ಚಕ್ರವನ್ನೇ ಹಿಡಿದುಕೊಂಡೆ. ಎಂಟು ಮೂಲ ಭಾವನೆ, ಒಂದೊಂದಕ್ಕೂ ಮೂರು ಮಟ್ಟ: ಕಿರಿಕಿರಿ, ಸಿಟ್ಟು, ರೋಷ ಅನ್ನೋ ಹಾಗೆ. ಅಲ್ಲಿಗೆ 24 ಕಾರ್ಡು. ಆದರೆ ಆ ಎಂಟರಲ್ಲಿ ಅವಮಾನ ಇಲ್ಲ, ಅಸೂಯೆಯೂ ಇಲ್ಲ. ಇವೆರಡನ್ನು ಬಿಟ್ಟು ತರಗತಿಯಲ್ಲಿ ಮಾತಾಡೋದು ಹೇಗೆ? ಒಂಟಿತನವನ್ನೂ ಸೇರಿಸಿ 27 ಮಾಡಿದೆ.

ಈಗ ಆ ಕಾಟದ ವಿಷಯ. ಸನ್ನಿವೇಶ ಇದು: ಹೊಸದಾಗಿ ಸೇರಿದ ಹುಡುಗಿ ಬಾಯಿ ಬಿಟ್ಟರೆ ಸಾಕು, ಇಬ್ಬರು ಅವಳ ಉಚ್ಚಾರವನ್ನು ಅಣಕಿಸುತ್ತಾರೆ. ಇನ್ನಿಬ್ಬರು ನಗುತ್ತಾರೆ. ಅವಳ ಗೆಳತಿ ಸುಮ್ಮನೆ ಕೂತಿರುತ್ತಾಳೆ. ಆ ಹೊಸ ಹುಡುಗಿಗೆ ಏನನಿಸುತ್ತೆ? ಮೊದಲ ಮಗು ‘ದುಃಖ’ ಅಂದರೆ ಮುಗೀತು. ಆಮೇಲೆ ಬರೋದೆಲ್ಲ ‘ನಂದೂ ಅದೇ’, ‘ನಂದೂ ಅದೇ’. ಮಕ್ಕಳಿಗೆ ಹೇಳೋಕೆ ಏನೂ ಇಲ್ಲ ಅಂತಲ್ಲ. ಮೊದಲು ಮಾತಾಡಿದ್ದು ಯಾರು ಅಂತ ಅವರು ನೋಡುತ್ತಾರೆ. ತರಗತಿಯ ಮುಂದಾಳು ಒಂದು ಹೇಳಿದ ಮೇಲೆ ಇನ್ನೊಂದು ಹೇಳೋದಕ್ಕೆ ಧೈರ್ಯ ಬೇಕಲ್ವಾ?

ಕೈಯಿಂದ ಕೈಗೆ ಕೋಲು ದಾಟಿಸಿ, ಕೋಲು ಹಿಡಿದವರಷ್ಟೇ ಮಾತಾಡುವ ಕ್ರಮ ನೋಡಿದೆ. ಗದ್ದಲ ಕಮ್ಮಿಯಾಯಿತು, ಆದರೆ ‘ನಂದೂ ಅದೇ’ ಈಗ ಸಾಲಾಗಿ, ಶಿಸ್ತಾಗಿ ಬಂತು. ಮುಂದೆ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ದಾರಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಸರಿಯಾಗಿ ಕಾಯೋದಿಲ್ಲ, ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತೆ ಅಂತ ಅವರು ತೋರಿಸಿದ್ದರು. ಕಾದೆ. ಉತ್ತರ ನಿಜವಾಗಿಯೂ ಉದ್ದವಾಯಿತು: ‘ನಂದೂ ಅದೇ, ಯಾಕಂದ್ರೆ ಅವನು ಹೇಳಿದ್ದು ಸರಿ.’

ಸರಿ, ಎಲ್ಲರೂ ಕಾರ್ಡು ಬೋರಲು ಹಾಕಿ ಒಟ್ಟಿಗೆ ತಿರುಗಿಸಲಿ ಅಂದುಕೊಂಡೆ. ಪ್ರತಿ ಮಗುವಿಗೂ ಒಂದೊಂದು ಕಟ್ಟು. ಇಲ್ಲಿ ಪ್ರಿಂಟಿಂಗ್ ಪ್ರೆಸ್‌ನವರು ಕೈ ಕೊಟ್ಟರು. ನಾನು ಹೇಳಿದ್ದು 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ. ಬಂದದ್ದು ಬೆಳಕಿಗೆ ಹಿಡಿದರೆ ಆಚೆ ಬದಿಯ ಅಕ್ಷರ ಕಾಣುವಷ್ಟು ತೆಳು. ಫೋನ್ ಮಾಡಿದರೆ ‘ಲ್ಯಾಮಿನೇಶನ್ ಮಾಡಿಸಿ, ಸರಿಹೋಗುತ್ತೆ’ ಅಂತಾರೆ. ಪಾರದರ್ಶಕ ಪ್ಲಾಸ್ಟಿಕ್ ಹಾಕಿದರೆ ಅಕ್ಷರ ಮುಚ್ಚುತ್ತಾ? ಒಬ್ಬ ಹುಡುಗನಂತೂ ಕಿಟಕಿ ಪಕ್ಕ ಕೂತು ಎಲ್ಲರ ಕಾರ್ಡನ್ನೂ ಹಿಂದಿನಿಂದಲೇ ಓದಿ ಹೇಳಿದ. ಒಳ್ಳೆ ಇಸ್ಪೀಟ್ ಎಲೆಗಳಲ್ಲಿ ಎರಡು ಪದರದ ನಡುವೆ ಕಪ್ಪು ಅಂಟು ಇರುತ್ತಲ್ಲ, ಆ ಉಪಾಯವನ್ನೇ ಕೈಯಲ್ಲಿ ಮಾಡಿದೆ. ನಡುವೆ ಕಪ್ಪು ಕಾಗದ ಇಟ್ಟು ಅಂಟಿಸಿದೆ. ಈಗ ಏನೂ ಕಾಣುವುದಿಲ್ಲ.

ಆದರೂ ಮುಕ್ಕಾಲು ಪಾಲು ಮಕ್ಕಳು ತಾವಾಗಿಯೇ ‘ದುಃಖ’ ಹಾಕಿದರು. ಆಗ ಹೊಳೆಯಿತು: ಎಲ್ಲರೂ ನೋಡುತ್ತಿರೋದು ಒಬ್ಬಳನ್ನೇ. ಕೇಳಿದ ಪ್ರಶ್ನೆಯೇ ಹಾಗಿದೆ. ಅದಕ್ಕೆ ಪಾತ್ರದ ಚೀಟಿ ಹಾಕಿದೆ. ಹುಡುಗಿ, ಅಣಕಿಸುವವರು ಇಬ್ಬರು, ನಗುವವರು ಇಬ್ಬರು, ಸುಮ್ಮನಿರುವ ಗೆಳತಿ. ಚೀಟಿಯಲ್ಲಿ ಬಂದವರ ಪರವಾಗಿ ಕಾರ್ಡು ಹಾಕಬೇಕು.

‘ನಗುವವ’ನ ಚೀಟಿ ಬಂದ ಒಬ್ಬಳು ಹಾಕಿದ್ದು ‘ಭಯ’.

‘ನಗೋನಿಗೆ ಯಾಕೆ ಭಯ?’ ಅಂತ ಎದುರಿಗಿದ್ದವನು ಕೇಳಿದ.

‘ನಗದೇ ಇದ್ರೆ ನಾಳೆ ನನ್ನನ್ನೇ ಅಣಕಿಸ್ತಾರೆ.’

ಗೆಳತಿಯ ಚೀಟಿ ಹಿಡಿದವನು ತನ್ನ ಕಾರ್ಡು ಬದಲಾಯಿಸಬಹುದಾ ಅಂತ ಕೇಳಿದ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು: ಸರಿಯಾದ ಉಚ್ಚಾರ ಯಾರದ್ದು, ಅದನ್ನು ತೀರ್ಮಾನ ಮಾಡಿದ್ದು ಯಾರು, ಟಿವಿಯಲ್ಲಿ ಯಾರ ಮಾತನ್ನು ತಮಾಷೆಗೆ ಬಳಸುತ್ತಾರೆ. ಇದನ್ನೆಲ್ಲ ನಾನು ಪಾಠ ಮಾಡಿದ್ದರೆ ಒಬ್ಬರೂ ಕೇಳುತ್ತಿರಲಿಲ್ಲ.

ಪಾತ್ರದ ಮರೆ ಇರೋದರಿಂದ ಯಾರೂ ತಮ್ಮ ಸ್ವಂತ ಕಥೆ ಹೇಳಬೇಕಿಲ್ಲ. ಇದನ್ನು ಮಾತ್ರ ಬಿಡಬೇಡಿ. ಆಟ ಮುಗಿದ ಮೇಲೆ ಯಾವುದಾದರೂ ಮಗು ಬಂದು ‘ನನಗೂ ಹೀಗೇ ಆಗ್ತಿದೆ’ ಅಂದರೆ ಪೂರ್ತಿ ಕೇಳಿಸಿಕೊಳ್ಳಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗಬಹುದು.

ಈ ನಡುವೆ ಮುಂದಿನ ಕೆಲಸಕ್ಕೆ ಹಗ್ಗ ಹುಡುಕಿ ಇಟ್ಟಾಗಿದೆ. ನೆಲದ ಮೇಲೆ ಹಗ್ಗ, ಒಂದು ತುದಿ ‘ಒಪ್ಪುತ್ತೇನೆ’, ಇನ್ನೊಂದು ‘ಒಪ್ಪಲ್ಲ’. ಸುಮ್ನೆ ಬಿಟ್ಟರೆ ಎಲ್ಲರೂ ಮುಂದಾಳುವಿನ ಹಿಂದೆಯೇ ಹೋಗಿ ನಿಲ್ಲುತ್ತಾರೆ, ಗೊತ್ತು. ಹಾಗಾಗಿ ನಾನು ಓದುವ ಹೇಳಿಕೆಯನ್ನು ಎಷ್ಟು ಒಪ್ಪುತ್ತಾರೆ ಅಂತ ಮೊದಲು 1ರಿಂದ 10ರೊಳಗೆ ಒಂದು ಅಂಕಿ ಬರೆಯಬೇಕು, ಚೀಟಿಗಳನ್ನು ಕಲಸಬೇಕು, ಕೈಗೆ ಸಿಕ್ಕ ಅಂಕಿಯ ಜಾಗದಲ್ಲಿ ನಿಂತು ಆ ನಿಲುವಿಗೆ ಕಾರಣ ಕೊಡಬೇಕು. ಮೊದಲ ಹೇಳಿಕೆ ಆಗಲೇ ಬರೆದಿಟ್ಟಿದ್ದೇನೆ: ‘ಅಣಕಿಸಿದವರದ್ದೂ ನಕ್ಕವರದ್ದೂ ತಪ್ಪು ಒಂದೇ.’ ಕಾರ್ಡು ಮಾತ್ರ ಈ ಸಲ ಬೇರೆ ಪ್ರೆಸ್‌ನಲ್ಲಿ, ಮಾದರಿ ಕೈಯಲ್ಲಿ ಹಿಡಿದು ನೋಡಿದ ಮೇಲೇ ದುಡ್ಡು.