ಸಿಮೆಂಟು ಕೆತ್ತಿದ ಬೇಸಿಗೆ

ಮಲೆನಾಡಿನ ಸಾಗರ ಪಟ್ಟಣದ ಸಮೀಪದ ನಮ್ಮ ಹಳೆಯ ಮನೆಯ ನಡುಕೋಣೆಯ ಗೋಡೆ ಪ್ರತಿ ವರ್ಷ ಆರಿದ್ರಾ ಮಳೆ ಹಿಡಿಯುತ್ತಿದ್ದಂತೆ ಸೊಂಟದೆತ್ತರದವರೆಗೆ ಒದ್ದೆಯಾಗಿ ಕಪ್ಪಾಗುತ್ತಿತ್ತು. ಪುನರ್ವಸುವಿನ ಹೊತ್ತಿಗೆ ಬಣ್ಣ ಗುಳ್ಳೆಯೆದ್ದು, ಮುಟ್ಟಿದರೆ ಬಿಳಿಯ ಉಪ್ಪಿನ ಪುಡಿಯೊಂದಿಗೆ ಉದುರುತ್ತಿತ್ತು. ಬೀರುವಿನ ಹಿಂದೆ ಬೂಷ್ಟು ಹಬ್ಬಿ, ಒಳಗಿಟ್ಟ ಸೀರೆಗಳಿಗೂ ಮುಗ್ಗಲು ವಾಸನೆ ಅಂಟಿಕೊಳ್ಳುತ್ತಿತ್ತು. ಅಜ್ಜನ ಕಾಲದಲ್ಲಿ ಇಷ್ಟು ಥಂಡಿ ಇರಲಿಲ್ಲವೆಂದು ಅಮ್ಮ ಹೇಳಿದಾಗಲೆಲ್ಲ ಹಳಬರ ಮಾತೆಂದು ತಳ್ಳಿಹಾಕಿದ್ದೆ. ಅಮ್ಮನದೇ ಸರಿಯೆಂದು ತಿಳಿಯಲು ನನಗೆ ನಾಲ್ಕು ಮಳೆಗಾಲ ಬೇಕಾಯಿತು.

ಮೊದಲ ವರ್ಷ ನೀರು ತಡೆಯುವ ಬಣ್ಣವನ್ನು ಎರಡು ಕೈ ಹೊಡೆಸಿದೆ. ಅದು ಒಂದು ಮಳೆಗಾಲವನ್ನೂ ದಾಟಲಿಲ್ಲ. ಮರುವರ್ಷ ಗುತ್ತಿಗೆದಾರರೊಬ್ಬರ ಸಲಹೆಯಂತೆ ಹಳೆಯ ಸುಣ್ಣದ ಗಾರೆಯನ್ನು ಕಿತ್ತು, ಒಳಗೂ ಹೊರಗೂ ಮೂರಡಿ ಎತ್ತರಕ್ಕೆ ಸಿಮೆಂಟು ಗಿಲಾವು ಮಾಡಿಸಿದೆ. ಆ ವರ್ಷ ಮೂರಡಿಯವರೆಗೆ ಗೋಡೆ ಒಣಗಿದಂತೆ ಕಂಡಿತು, ಆದರೆ ಸಿಮೆಂಟು ಮುಗಿದ ಗೆರೆಯಿಂದ ಮೇಲೆ, ಅಲ್ಲಿಯವರೆಗೆ ಎಂದೂ ನೆನೆಯದ ಜಾಗದಲ್ಲಿ, ತೇವ ಕಾಣಿಸಿಕೊಂಡಿತು.

ಆಗಲೇ ನನಗೆ ವಿಷಯ ಹೊಳೆದದ್ದು. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಗೋಡೆಯ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲೂ ಅದರ ನಡುವಿನ ಮಣ್ಣೂ ತಮ್ಮ ಸಣ್ಣ ರಂಧ್ರಗಳ ಮೂಲಕ ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ಸುಣ್ಣದ ಗಾರೆಯಿದ್ದಾಗ ಆ ನೀರು ಅಲ್ಲಲ್ಲೇ ಆವಿಯಾಗಿ ಹೋಗುತ್ತಿತ್ತು. ಸಿಮೆಂಟಿನಿಂದ ಮುಚ್ಚಿದಾಗ ಹೊರದಾರಿ ಹುಡುಕುತ್ತಾ ಇನ್ನಷ್ಟು ಮೇಲೇರಿತು. ಅದಕ್ಕೆ ಕುಮ್ಮಕ್ಕು ಕೊಟ್ಟವನೂ ನಾನೇ. ಕೆಸರು ಬೇಡವೆಂದು ಗೋಡೆಗೆ ತಾಗಿಸಿ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದ್ದರಿಂದ ಅಂಗಳ ಹೆಚ್ಚುಕಡಿಮೆ ಒಳನೆಲದ ಮಟ್ಟಕ್ಕೆ ಬಂದಿತ್ತು, ಸೂರಿನ ನೀರು ಅದರ ಮೇಲೆ ಬಿದ್ದು ನೇರವಾಗಿ ಗೋಡೆಗೆ ಸಿಡಿಯುತ್ತಿತ್ತು.

ಬೀರುವಿನ ಹಿಂದಿನ ಬೂಷ್ಟಿನ ಕಥೆ ಬೇರೆ. ಗೋಡೆಯಲ್ಲಿ ನೆಲದ ಬಳಿ ಒಂದು, ಬೀರುವಿನ ಹಿಂದೆ ಒಂದು ಅಲ್ಯೂಮಿನಿಯಂ ಹಾಳೆಯ ತುಂಡಿಟ್ಟು, ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಹಿಂದೆ ನೀರು ಕೂತರೆ ಅದು ಗೋಡೆಯೊಳಗಿನದು, ಮುಂದೆ ಕೂತರೆ ಕೋಣೆಯ ಗಾಳಿಯದು. ನೆಲದ ಬಳಿ ಹಿಂದೆ ಹನಿಗಳಿದ್ದವು, ಬೀರುವಿನ ಹಿಂದೆ ಅಂಟಿಸಿದ್ದರಲ್ಲಿ ಮುಂದೆ. ಹಿಂದೆಲ್ಲ ಬಚ್ಚಲೊಲೆಯೂ ಅಡುಗೆಯ ಒಲೆಯೂ ಮಳೆಗಾಲವಿಡೀ ಉರಿದು ಮನೆಯನ್ನು ಒಣಗಿಸುತ್ತಿದ್ದವು. ಗ್ಯಾಸು, ಗೀಸರು ಬಂದ ಮೇಲೆ ಆ ಕೆಲಸ ಮಾಡುವವರು ಯಾರೂ ಉಳಿಯಲಿಲ್ಲ. ಹೊಗೆಯಿಂದ ಕಣ್ಣುರಿಸಿಕೊಂಡ ಹೆಂಗಸರಿಗೆ ಆ ಒಲೆಗಳು ಹೋದದ್ದು ಒಳ್ಳೆಯದೇ ಆಯಿತು, ಅದನ್ನು ಮತ್ತೆ ತರುವ ಮಾತನ್ನು ನಾನು ಆಡಲಾರೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ, ಮಳೆ ಹೊಳವಾದ ಗಂಟೆಗಳಲ್ಲಿ ಎದುರುಬದುರಿನ ಕಿಟಕಿಗಳನ್ನು ತೆರೆಯತೊಡಗಿದೆವು. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಿದರೆ ಅದರ ಬೀಜಕಣಗಳು ಮನೆಯೆಲ್ಲ ಹಾರುತ್ತವೆ, ಆದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಪುನೀರಿನ ಒದ್ದೆ ಅರಿವೆಯಿಂದ ಒರೆಸಿದೆ.

ಮೂರನೆಯ ಬೇಸಿಗೆಯಲ್ಲಿ ಗೋಡೆಯ ಬುಡದ ಕಾಂಕ್ರೀಟನ್ನು ಎರಡಡಿ ಅಗಲಕ್ಕೆ ಒಡೆದು, ತಗ್ಗಿನ ಕಾಲುವೆ ತೋಡಿ ಜಲ್ಲಿ ತುಂಬಿಸಿ, ತೋಟದ ಕಡೆಗೆ ಇಳಿಜಾರು ಕೊಟ್ಟೆವು. ಸಿಮೆಂಟನ್ನು ಕೆತ್ತಿಸಿ ಗೋಡೆಯನ್ನು ಇಡೀ ವರ್ಷ ಬರಿಮೈಯಲ್ಲಿ ಬಿಟ್ಟಾಗ ಬಂದ ನೆಂಟರೆಲ್ಲ ಮನೆ ಕೆಡವುತ್ತಿದ್ದೀರಾ ಎಂದು ಕೇಳಿದರು. ಮುಂದಿನ ಬೇಸಿಗೆಯಲ್ಲಿ ನೀರು ಹಾಕಿ ಅರಳಿಸಿದ ಚಿಪ್ಪಿನ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ತೆಳುವಾದ ಪದರಗಳಲ್ಲಿ ಗಾರೆ ಮಾಡಿಸಿದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಪದರ ಪದರಕ್ಕೂ ದಿನಗಟ್ಟಲೆ ಕಾದು, ಒಡೆಯದಂತೆ ನೀರು ಚಿಮುಕಿಸುತ್ತಿರಬೇಕು; ಈ ತಾಳ್ಮೆಯಿರುವ ಗಾರೆಯವರನ್ನು ಹುಡುಕುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು.

ಕಳೆದ ಆಶ್ಲೇಷ ಮಳೆಯಲ್ಲಿ ಮೂಲೆಯಲ್ಲಿ ಅಂಗೈಯಗಲದ ಕಲೆಯೊಂದು ಮತ್ತೆ ಕಂಡಿತು. ಅಟ್ಟ ಹತ್ತಿ ನೋಡಿದರೆ ಹಂಚೊಂದು ಜಾರಿತ್ತು. ಹಂಚನ್ನು ಸರಿಸಿಟ್ಟೆ, ಮಳೆ ಹಿಂದೆಗೆಯುವಷ್ಟರಲ್ಲಿ ಕಲೆ ಒಣಗಿತು. ದೀಪಾವಳಿಗೆ ಮುನ್ನ ಒಂದು ಕೈ ಸುಣ್ಣ ಬಳಿದದ್ದು ಬಿಟ್ಟರೆ ಆ ಮೂಲೆಗೆ ಬೇರೇನೂ ಮಾಡಬೇಕಾಗಲಿಲ್ಲ.