ಎದ್ದು ಬಂದ ಮೇಲೂ ಮಾಯದ ಗಾಯ

ಯೇಸು ಸಾವಿನಿಂದ ಎದ್ದು ಬಂದ ಹಬ್ಬ ಪಾಸ್ಕ, ಅಂದರೆ ಈಸ್ಟರ್. ಅದರ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಹೊರಗೆ ಅಂಗಳದಲ್ಲಿ ಹೊಸ ಬೆಂಕಿ ಹಚ್ಚುತ್ತಾರೆ. ಫಾದರ್ ದೊಡ್ಡ ಮೇಣದ ಬತ್ತಿಯ ಮೈಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಯೇಸುವಿನ ಕೈ, ಕಾಲು, ಪಕ್ಕೆಯ ಐದು ಗಾಯಗಳಿಗೆ ಒಂದೊಂದು. ಆಮೇಲೆ ಆ ಬೆಂಕಿಯಿಂದ ಬತ್ತಿ ಹೊತ್ತಿಸಿ ಕತ್ತಲೆಯ ಒಳಗೆ ತರುವುದು. ಹಬ್ಬದ ತಿರುಳೆಲ್ಲ ನನಗೆ ಆ ಐದು ಕಾಳುಗಳಲ್ಲೇ ಇದೆ. ಸಾವನ್ನು ಗೆದ್ದು ಬಂದವನ ಮೈಮೇಲೆ ಗಾಯ ಹಾಗೇ ಇತ್ತು. ಕಣ್ಣಾರೆ ಕಾಣದೆ ನಂಬೆನೆಂದ ಶಿಷ್ಯ ತೋಮನಿಗೆ ಗುರುತು ಸಿಕ್ಕಿದ್ದು ಅದರಿಂದಲೇ.

ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿಗೆ 1792ರಿಂದ ಚರಿತ್ರೆಯಿದೆ. ಟಿಪ್ಪುವಿನ ಕಾಲದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲ ಕೊಟ್ಟ. ನೊಂದ ಮೈಗಳಿಗೆ ಮೊದಲು ಸಿಕ್ಕಿದ್ದು ಕಾಲೂರಲು ಒಂದು ಜಾಗ.

ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರ ಪಾಸ್ಕ ಬಂದರೂ, ಆ ಹೊತ್ತಿಗೆ ತೋಟಗಳಲ್ಲಿ ಕಾಫಿ ಕೊಯ್ಲು ಮುಗಿದು, ಮೆಣಸಿನದೂ ಕೊನೆಗೆ ಬಂದಿರುತ್ತದೆ. ಯೇಸುವಿನ ಶರೀರವೆಂದು ನಾವು ಸ್ವೀಕರಿಸುವ ರೊಟ್ಟಿ, ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಮುಂದಿನವರ ಕೈ ನೋಡುತ್ತೇನೆ. ಕಾಫಿ ಹಣ್ಣಿನ ಅಂಟು ಕೂತು ಕಪ್ಪಾದ ಬೆರಳು, ಒಡೆದ ಅಂಗೈ, ಚಗಳಿ ಇರುವೆ ಕಚ್ಚಿ ಕೆರೆದುಕೊಂಡ ಮಣಿಕಟ್ಟು. ಎಷ್ಟು ಉಜ್ಜಿ ತೊಳೆದರೂ ಹೋಗದ ಕಪ್ಪು ಅದು. ಆ ಅಂಗೈಯ ಮೇಲೆ ಪ್ರಸಾದ ಇಡುತ್ತಾರೆ.

‘ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ’ ಎಂದು ನಾವು ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಸತ್ತ ಮೈ ಮತ್ತೆ ಎದ್ದು ಬರುತ್ತದೆ ಎಂದರ್ಥ. ಆತ್ಮಕ್ಕೆ ಮೋಕ್ಷ ಸಿಕ್ಕಿತು, ಮೈ ಮಣ್ಣಾಯಿತು ಎಂದು ಅಲ್ಲಿಗೇ ಬಿಡುವ ಮಾತಲ್ಲ ಇದು. ಬೆವರಿದ, ಹಸಿದ, ಮುದಿಯಾದ ಈ ಮೈಯೇ ದೇವರಿಗೆ ಬೇಕು. ಇದನ್ನು ನಿಜವಾಗಿ ನಂಬಿದವರಿಗೆ ಇನ್ನೊಬ್ಬರ ಮೈಯನ್ನು ಬೇಕಾದ ಹಾಗೆ ದುಡಿಸಿಕೊಳ್ಳಲು ಮನಸ್ಸು ಬರಬಾರದು.

ಯೇಸು ಎದ್ದ ಆ ಭಾನುವಾರ ಬೆಳಗ್ಗೆ ಸುಗಂಧದ್ರವ್ಯ ಹಿಡಿದು ಅವನ ಸಮಾಧಿಗೆ ಹೊರಟ ಹೆಂಗಸರಿಗೆ ಯಾವ ಪವಾಡದ ನಿರೀಕ್ಷೆಯೂ ಇರಲಿಲ್ಲ. ಸತ್ತವನ ಮೈಗೆ ಹಚ್ಚಬೇಕಿತ್ತು, ಹೊರಟರು. ಬಾಗಿಲಿನ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಎಂಬುದೊಂದೇ ದಾರಿಯುದ್ದಕ್ಕೂ ಅವರ ಚಿಂತೆ. ಅವನು ಎದ್ದ ಸುದ್ದಿ ಮೊದಲು ಸಿಕ್ಕಿದ್ದು ಅಂಥವರಿಗೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಕೊಡಗಿನ ಜೋಡುಪಾಲದ ಕಡೆ ಜನ ಕೊಚ್ಚಿಹೋದಾಗ, ಜೀವ ಉಳಿದಿರುವ ಆಸೆ ಹೋದ ಮೇಲೂ ಕೆಸರಿನಲ್ಲಿ ಹುಡುಕಿದವರನ್ನು ನೆನೆದಾಗೆಲ್ಲ ನನಗೆ ಈ ಹೆಂಗಸರ ನೆನಪಾಗುತ್ತದೆ. ಮೈ ಸಿಕ್ಕರೆ ಸಾಕು, ಗೌರವದಿಂದ ಮಣ್ಣು ಮಾಡೋಣ ಎಂದು ಹುಡುಕಿದವರು ಅವರು. ಅದು ಎಷ್ಟು ದೊಡ್ಡ ಪ್ರಾರ್ಥನೆ!

ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ರಾತ್ರಿ ಎದ್ದು ಅವರ ಸೊಂಟದಡಿ ಕೈ ಕೊಟ್ಟು ತಿರುಗಿಸುವಾಗ ನನ್ನ ಬಾಯಲ್ಲಿ ಬೇರೆ ಜಪ ಇರುವುದಿಲ್ಲ. ‘ಸಾಕು ಮಗಾ, ನಿದ್ದೆ ಮಾಡು’ ಎನ್ನುತ್ತಾರೆ. ಅವರ ಮೈ ವಾಸಿಯಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಅದು ದೇವರು ಎಬ್ಬಿಸುವ ಮೈ ಎಂಬುದೂ ಗೊತ್ತು.

ಪುನರುತ್ಥಾನವಾದ ಯೇಸು ಕೆರೆಯ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾದಿದ್ದ. ರಾತ್ರಿಯಿಡೀ ಬಲೆ ಬೀಸಿ ದಣಿದವರನ್ನು ಊಟಕ್ಕೆ ಕರೆದ. ಶಿಷ್ಯ ಪೇತ್ರನ ಜೊತೆ ಮುಖ್ಯವಾದ ಮಾತು ಆಡಿದ್ದು ಅವರೆಲ್ಲ ಉಂಡ ಮೇಲೆ. ನನಗೆ ತುಂಬ ಇಷ್ಟದ ಭಾಗವಿದು. ಬರುವ ಕೊಯ್ಲಿಗೆ ಮುಂಚೆ ನಮ್ಮ ತೋಟದ ಕೆಲಸದವರ ಸಾಲುಮನೆಗಳಾದ ಲೈನ್ ಮನೆಗಳ ಹಿಂದೆ, ಅವರು ಸಂಜೆ ಬಿಸಿನೀರು ಮೀಯಲು ಇನ್ನೊಂದು ಬಚ್ಚಲು ಕಟ್ಟಿಸೋಣ ಎಂದು ಮನೆಯವರಿಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ. ಮಳೆ ಹಿಡಿಯುವ ಮೊದಲೇ ಪಾಯ ತೆಗೆಸಬೇಕು.