ಕಾಸ್ಟಿಕ್ ಇಲ್ಲದೆ ಸೋಪು ಆಗುತ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಮನೆಯಲ್ಲೇ ಸೋಪು ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಕಲಬುರಗಿಯಲ್ಲಿ ಯಾರೇ ಆಗಲಿ ಕೇಳುವುದು ಇದೊಂದನ್ನೇ: "ಅಕ್ಕಾ, ಹುಡುಗಿ ಮೈ ಭಾಳ ನಾಜೂಕ ಅದ. ಕಾಸ್ಟಿಕ್ ಹಾಕಲಾರದೆ ಸಬಕಾರ ಮಾಡ್ಲಿಕ್ಕೆ ಬರಂಗಿಲ್ಲೇನು?"

ಬರುವುದಿಲ್ಲ. ಎಣ್ಣೆಯೂ ಕಾಸ್ಟಿಕ್ ಸೋಡಾವೂ (ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ತೀಕ್ಷ್ಣ ಕ್ಷಾರ) ಕೂಡಿದರೇನೇ ಸೋಪು. ಎರಡೂ ಬೆರೆತು ಸೋಪು, ಗ್ಲಿಸರಿನ್ ಆಗಿಬಿಡುತ್ತವೆ. ತೂಕದ ಲೆಕ್ಕ ಸರಿ ಇದ್ದರೆ ಕೊನೆಗೆ ಕಾಸ್ಟಿಕ್ ಉಳಿಯುವುದೇ ಇಲ್ಲ. ವಿಡಿಯೊಗಳಲ್ಲಿ "ಕೆಮಿಕಲ್ ಇಲ್ಲದ ಸೋಪು" ಅಂತ ಕರಗಿಸಿ ಅಚ್ಚಿಗೆ ಹುಯ್ಯುತ್ತಾರಲ್ಲ, ಆ ಸೋಪ್ ಬೇಸ್‌ಗೂ ಕಾಸ್ಟಿಕ್ ಬಿದ್ದಿರುತ್ತದೆ, ಫ್ಯಾಕ್ಟರಿಯಲ್ಲಿ. ನಿಮ್ಮ ಬಚ್ಚಲಲ್ಲಿರುವ ಸೋಪಿನ ಕವರ್ ತಿರುಗಿಸಿ ಓದಿ. ಸೋಡಿಯಂ ಪಾಮೇಟ್ ಅಂತ ಇದ್ದರೆ ಅದು ತಾಳೆ ಎಣ್ಣೆ ಮತ್ತು ಕಾಸ್ಟಿಕ್ ಸೇರಿ ಆದದ್ದು. ಅದೂ ಬೇಡ ಅನ್ನುವವರಿಗೆ ಕಡಲೆ ಹಿಟ್ಟು, ಹೆಸರು ಹಿಟ್ಟು ಇದ್ದೇ ಇದೆ. ಹಾಯಾಗಿ ಹಚ್ಚಿಕೊಳ್ಳಿ.

ನಾಜೂಕು ಚರ್ಮಕ್ಕೆ ಬೇಕಾದದ್ದು ಬೇರೆ. ಒಂದಿಷ್ಟು ಎಣ್ಣೆ ಸೋಪಾಗದೆ ಹಾಗೇ ಉಳಿಯುವಂತೆ ಕಾಸ್ಟಿಕ್ ಕಡಿಮೆ ಹಾಕಬೇಕು. ನನ್ನ ಅಳತೆ ಇದು: ಆಲಿವ್ ಎಣ್ಣೆ 300 ಗ್ರಾಂ, ಕೊಬ್ಬರಿ ಎಣ್ಣೆ 125, ಕುಸುಬೆ ಎಣ್ಣೆ 50, ಹರಳೆಣ್ಣೆ 25. ಒಟ್ಟು 500 ಗ್ರಾಂ. ಇದಕ್ಕೆ ಕಾಸ್ಟಿಕ್ 68 ಗ್ರಾಂ, ನೀರು 140 ಗ್ರಾಂ. ಪೂರ್ತಿ ಎಣ್ಣೆ ಸೋಪಾಗಲು ಸುಮಾರು 73 ಗ್ರಾಂ ಬೇಕು. ಶೇಕಡಾ 7ರಷ್ಟು ಬೇಕೆಂದೇ ಕಡಿಮೆ ಮಾಡಿದ್ದೇನೆ. ಎಲ್ಲವನ್ನೂ ಡಿಜಿಟಲ್ ತಕ್ಕಡಿಯಲ್ಲಿ ತೂಗಬೇಕು. ಚಮಚ, ವಾಟಿ ಲೆಕ್ಕ ಇಲ್ಲಿ ನಡೆಯಲ್ಲ. ಒಂದು ಎಣ್ಣೆ ಬದಲಿಸಿದರೂ ಲೆಕ್ಕ ಹೊಸದಾಗಿ ಹಾಕಬೇಕು. ಕೊಬ್ಬರಿ ಎಣ್ಣೆಗೆ ಬೇರೆ ಎಣ್ಣೆಗಳಿಗಿಂತ ಕಾಸ್ಟಿಕ್ ಜಾಸ್ತಿ ಬೇಕು.

"ನಮ್ಮ ಕಡೆ ಕುಸುಬಿ ಎಣ್ಣಿ ಸಿಗ್ತದ, ಬರೀ ಅದರಾಗೇ ಮಾಡಿದ್ರ?" ಅಂತಲೂ ಕೇಳುತ್ತಾರೆ. ಗಾಣದ ಕುಸುಬೆ ಎಣ್ಣೆ ಅಡುಗೆಗೆ ಬಂಗಾರ. ಆದರೆ ಬರೀ ಅದರಲ್ಲಿ ಮಾಡಿದ ಸೋಪು ಮೆತ್ತಗೆ ಉಳಿಯುತ್ತದೆ, ಬೇಗ ಕಮಟು ವಾಸನೆ ಬಂದು ಮೇಲೆ ಕಿತ್ತಳೆ ಚುಕ್ಕೆ ಏಳುತ್ತವೆ. ಹತ್ತನೇ ಒಂದು ಪಾಲು ಸಾಕು. ಕೊಬ್ಬರಿ ಎಣ್ಣೆಯದು ಇನ್ನೊಂದು ಕಥೆ. ನೊರೆ ಚೆನ್ನಾಗಿ ಬರುತ್ತದೆ ಅಂತ ಜಾಸ್ತಿ ಸುರಿದರೆ ಸ್ನಾನ ಆದಮೇಲೆ ಚರ್ಮ ಬಿಗಿಯುತ್ತದೆ.

ಮಾಡುವಾಗ ಕನ್ನಡಕ, ರಬ್ಬರ್ ಕೈಗವಸು ಬೇಕೇ ಬೇಕು. ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಹಾಕಿ. ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ನೀರು ತಾನಾಗಿಯೇ ಕುದಿಯುವಷ್ಟು ಬಿಸಿಯಾಗಿ ಹಬೆ ಏಳುತ್ತದೆ, ಮುಖ ದೂರ ಇರಲಿ. ನಮ್ಮ ಬೇಸಿಗೆಯಲ್ಲಂತೂ ಇದು ಆರುವುದೇ ಇಲ್ಲ, ಫ್ರಿಜ್ ನೀರಲ್ಲೇ ಕಲಸಿ. ಮೈಗೆ ಸಿಡಿದರೆ ನಿಂಬೆಹಣ್ಣು ಹುಡುಕುತ್ತಾ ಕೂರಬೇಡಿ, ನಲ್ಲಿ ಕೆಳಗೆ ಕಾಲು ಗಂಟೆ ಹಿಡಿಯಿರಿ. ಕಣ್ಣಿಗಾದರೆ ತೊಳೆಯುತ್ತಲೇ ಆಸ್ಪತ್ರೆಗೆ. ಚರಂಡಿ ಪೈಪಿಗೆ ಹಾಕುವ ಪುಡಿ ಬೇಡ, ಅದರಲ್ಲಿ ಬೇರೇನೇನೋ ಬೆರೆತಿರುತ್ತದೆ.

ಎಣ್ಣೆಯೂ ಕಾಸ್ಟಿಕ್ ನೀರೂ ಉಗುರುಬೆಚ್ಚಗಾದಾಗ ಕೂಡಿಸಿ, ಹ್ಯಾಂಡ್ ಬ್ಲೆಂಡರ್ ಬಿಟ್ಟು ಬಿಟ್ಟು ಓಡಿಸಿ. ನೀರು ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲಿಂದ ಬಿಟ್ಟ ಹನಿ ಒಂದು ಗಳಿಗೆ ಗುರುತು ಉಳಿಸಿದರೆ ಅಚ್ಚಿಗೆ ಹುಯ್ಯಿರಿ. ಮಾರನೇ ದಿನ ಅಥವಾ ಅದರಾಚೆಯ ದಿನ ಕೊಯ್ದು, ಗಾಳಿಯಾಡುವ ನೆರಳಿನಲ್ಲಿ 4ರಿಂದ 6 ವಾರ ಬಿಡಿ. ಆಲಿವ್ ಜಾಸ್ತಿ ಇರುವ ಸೋಪು ಇಟ್ಟಷ್ಟೂ ಒಳ್ಳೆಯದಾಗುತ್ತದೆ. ಸುಗಂಧ, ಎಸೆನ್ಶಿಯಲ್ ಆಯಿಲ್, ಬಣ್ಣ ಏನೂ ಬೇಡ. ತುರಿಕೆಯ ಚರ್ಮಕ್ಕೆ ಮೊದಲ ಶತ್ರು ಆ ಘಮಘಮವೇ.

ಇನ್ನು ಯಾರೂ ಕೇಳದ ವಿಷಯ: ನೀರು. ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯೆಲ್ಲ ನೆಲದಡಿ ಸುಣ್ಣಕಲ್ಲು, ಬೋರ್ ನೀರು ಗಡಸು. ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುವುದು ನೋಡಿರುತ್ತೀರಿ. ಗಡಸು ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ. ನೊರೆ ಬರುವುದಿಲ್ಲ ಅಂತ ಇನ್ನಷ್ಟು ತಿಕ್ಕುತ್ತೇವೆ, ಜಿಡ್ಡು ಮೈಗೆ ಅಂಟಿ ಕಡಿತ ಶುರು. ಬೈಸಿಕೊಳ್ಳುವುದು ಮಾತ್ರ ಸೋಪು! ಇದಕ್ಕೆ ಒಂದು ಉಪಾಯವಿದೆ. ಸೋಪು ಮಾಡುವಾಗ, ಕಾಸ್ಟಿಕ್ ಹಾಕುವ ಮೊದಲು ಅಳತೆಯ 140 ಗ್ರಾಂ ನೀರಲ್ಲಿ 10 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್, ಕರಗಿಸಿ. ಅದು 6 ಗ್ರಾಂ ಕಾಸ್ಟಿಕ್ ನುಂಗುತ್ತದೆ, ಹಾಗಾಗಿ 68ರ ಬದಲು 74 ಗ್ರಾಂ ಹಾಕಬೇಕು. ಆಗ ಹುಟ್ಟುವ ಸೋಡಿಯಂ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಜಿಡ್ಡು ಕಡಿಮೆ ಮಾಡುತ್ತದೆ. ಸೋಪು ಮಾಡಲು ಮಾತ್ರ ಬೋರ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ತನ್ನಿ. ಸ್ನಾನದ ಕೊನೆಯ ಎರಡು ತಂಬಿಗೆ ಕುದಿಸಿ ತಿಳಿಯಾಗಿಸಿ ಆರಿಸಿದ ನೀರಾದರೆ ಇನ್ನೂ ಚೆನ್ನ; ಕುದಿಸಿದಾಗ ಒಂದಿಷ್ಟು ಗಡಸು ತಳಕ್ಕೆ ಕೂರುತ್ತದೆ.

ಎಕ್ಸಿಮಾ ಇದ್ದವರಿಗೆ, ಚರ್ಮ ಬಿರಿದು ರಸಿಗೆ ಬರುವವರಿಗೆ ನಾನು ನನ್ನ ಸೋಪು ಕೊಡುವುದಿಲ್ಲ. ಎಷ್ಟೇ ಮೆದುವಾಗಿ ಮಾಡಿದರೂ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಾದರೆ ಕ್ಷಾರ) 9ರಿಂದ 10ರ ಆಸುಪಾಸು, ಚರ್ಮದ್ದು 5ರ ಹತ್ತಿರ. ಡಾಕ್ಟರ್ ಸಿಂಡೆಟ್ ಬಾರ್ (ಸೋಪಿನಂತೆ ಕಂಡರೂ ಸೋಪಲ್ಲದ, ಬೇರೆ ಶುಚಿಕಾರಕದಿಂದ ಮಾಡಿದ ಬಿಲ್ಲೆ) ಬರೆದುಕೊಟ್ಟಿದ್ದರೆ ಅದನ್ನೇ ಬಳಸಿ. ಉಳಿದವರು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ತೊಳೆದು, ಒಂದೆರಡು ದಿನ ನೋಡಿ. ಕೆಂಪಾಗದಿದ್ದರೆ ಮೈಗೆ ಹಚ್ಚಿ. ಮುಖಕ್ಕೆ ಆಮೇಲೆ.